ಮೆಲ್ಕಿಯೊರ್ ಪಿರ್ಕಾನ ಸೋಮವಾರ

ನಮ್ಮ ವಾಪ್ನಿಸ್ಕೊದಲ್ಲಿ ಸೋಮವಾರ ಯಾರಾದರೂ ಮೆಲ್ಕಿಯೊರ್ ಪಿರ್ಕಾನ ಅಂಗಡಿ ಬಾಗಿಲು ತಟ್ಟಿದರೆ ಅವರು ಪರವೂರಿನವರು ಅಂತಲೇ ಲೆಕ್ಕ. ಊರಿನವರು ತಟ್ಟುತ್ತಿರಲಿಲ್ಲ. ಬೂಟು ಹೊಲಿಯುವ ಮೋಚಿ ಸೋಮವಾರ ದಬ್ಬಳ ಮುಟ್ಟುವುದಿಲ್ಲ ಅನ್ನೋದು ಪೋಲೆಂಡಿನಲ್ಲಿ ಹಾಲು ಕುಡಿಯೋ ಮಗುವಿಗೂ ಗೊತ್ತು. ಭಾನುವಾರ ಚರ್ಚು ಮುಗಿಸಿ ಕುಡಿದದ್ದು ಇಳಿಯಬೇಕಲ್ಲ, ಅದಕ್ಕೊಂದು ದಿನ ಬೇಡವೇ? ಬೇರೆ ಊರುಗಳಲ್ಲಿ ಇದು ಬರೀ ತಮಾಷೆಯ ಮಾತಾಗಿ ಉಳಿದಿತ್ತು. ಮೆಲ್ಕಿಯೊರನ ಮನೆತನಕ್ಕೆ ಮಾತ್ರ ಅದು ವ್ರತ.

ಅವನ ತಾತ ಒಂದು ಸೋಮವಾರ ಬಿಷಪ್ಪರ ಬೂಟನ್ನೇ ವಾಪಸು ಕಳಿಸಿದ್ದ. ಪಾಪ, ಬಿಷಪ್ಪರು ಮನೆಯಲ್ಲಿ ಹಾಕುವ ಬಟ್ಟೆ ಚಪ್ಪಲಿಯಲ್ಲೇ ಮೆರವಣಿಗೆ ಹೋದರು. ಅವನ ಅಪ್ಪ ಎರಡು ವಾರ ಹಾಸಿಗೆ ಹಿಡಿದಿದ್ದವನು ಪ್ರಾಣ ಬಿಟ್ಟದ್ದು ಮಂಗಳವಾರ ಬೆಳಿಗ್ಗೆ. ಸಾಯೋದೂ ಒಂದು ಕೆಲಸವೇ, ಸೋಮವಾರ ಹ್ಯಾಗೆ ಮಾಡ್ತಾನೆ ಅಂತ ಜನ ಹೆಣದ ಮುಂದೆಯೇ ನಕ್ಕರು. ಇಂಥ ವಂಶದ ಕುಡಿ ಮೆಲ್ಕಿಯೊರ್. ಕುಡಿತವೇನೂ ಅವನಿಗೆ ಅಷ್ಟು ಒಗ್ಗುತ್ತಿರಲಿಲ್ಲ, ಒಂದು ಪುಟ್ಟ ಲೋಟ ವೋಡ್ಕಾಕ್ಕೇ ಕಿವಿ ಕೆಂಪಾಗುತ್ತಿತ್ತು. ಆದರೂ ಸೋಮವಾರ ಬಂತೆಂದರೆ ಒಗೆದ ಅಂಗಿ ತೊಟ್ಟು, ಅಂಗಡಿ ಮುಂದಿನ ಬೆಂಚಿನ ಮೇಲೆ ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ದೊರೆಯ ಹಾಗೆ ಕೂರುತ್ತಿದ್ದ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಅಂತ ಹೆಂಡತಿ ಗೆನ್ಯಾ ಒಳಗಿಂದ ಗೊಣಗುತ್ತಿದ್ದಳು. "ಮಂತ್ರಿಗಳೂ ಸೋಮವಾರ ಕೆಲಸಕ್ಕೆ ಹೋಗ್ತಾರೆ ಕಣಯ್ಯಾ."

"ಮಂತ್ರಿಗಳಿಗೆ ಕಸುಬು ಬರಲ್ಲ, ಅದಕ್ಕೇ ಹೋಗ್ತಾರೆ," ಅನ್ನುತ್ತಿದ್ದ ಮೆಲ್ಕಿಯೊರ್.

ಅವನಿಗೆ ಮಾತ್ರ ಕಸುಬು ಬರುತ್ತಿತ್ತು. ಮುಖ ನೋಡಿ ಮೋಸ ಹೋಗಬಹುದು, ಬೂಟಿನ ಅಡಿಯ ಅಟ್ಟೆ ನೋಡಿ ಮೋಸ ಹೋಗೋಕಾಗಲ್ಲ ಅನ್ನುವುದು ಅವನ ಮಾತು. ಹೊಸದಾಗಿ ಬಂದ ಪಾದ್ರಿಯ ಬೂಟು ರಿಪೇರಿಗೆ ಬಂದಾಗ ಅದರ ಮೂತಿಯ ಮೇಲೆ ಒಂದು ಗೆರೆಯೂ ಬಿದ್ದಿರಲಿಲ್ಲ. "ಈ ಮನುಷ್ಯ ಮಂಡಿಯೂರೋದೇ ಇಲ್ಲ ಕಣೇ, ಇನ್ನು ಪ್ರಾರ್ಥನೆ ಎಲ್ಲಿಂದ ಬಂತು," ಅಂದಿದ್ದ. ಎರಡು ವರ್ಷದಲ್ಲಿ ಆ ಪಾದ್ರಿ ಹಿಟ್ಟಿನ ಗಿರಣಿಯವನ ವಿಧವೆ ತಂಗಿಯ ಜೊತೆ ಪರಾರಿ.

ಇನ್ನೊಂದು ಪದ್ಧತಿ ಇತ್ತು, ಅದೂ ತಾತನ ಕಾಲದ್ದು. ಹೊಸ ಅಟ್ಟೆ ಹೊಲಿಯುವ ಮುಂಚೆ, ಹಿಮ್ಮಡಿಗೂ ಮುಂಗಾಲಿಗೂ ನಡುವೆ ನೆಲ ತಾಗದ ಜಾಗ ಇರುತ್ತದಲ್ಲ, ಅಲ್ಲಿ ಒಳಗಡೆ ಪೆನ್ಸಿಲಿನಿಂದ ವಾರ, ತಾರೀಕು ಬರೆಯುವುದು. ಆಮೇಲೆ ಅದರ ಮೇಲೆ ಅಟ್ಟೆ ಹೊಲಿದು ಮುಚ್ಚಿಬಿಡುವುದು. ಗಿರಾಕಿಗಳು ಬಲು ಸುಳ್ಳರು ನೋಡಿ. "ಮೊನ್ನೆ ತಾನೇ ಹಾಕಿಸಿದ್ದು, ಆಗಲೇ ಕಿತ್ತು ಬಂತು" ಅಂತ ಜಗಳಕ್ಕೆ ಬಂದರೆ ಅವರ ಕಣ್ಣೆದುರೇ ಹೊಲಿಗೆ ಬಿಚ್ಚಿ, "ನಿಮ್ಮ ಮೊನ್ನೆಗೆ ಮೂರು ವರ್ಷ ಆಯ್ತು ಸ್ವಾಮಿ" ಅಂತ ತೋರಿಸುತ್ತಿದ್ದ. ಕೆಲವು ಸಲ ತಾರೀಕಿನ ಜೊತೆ ಇನ್ನೊಂದು ಮಾತು ಸೇರಿಸುತ್ತಿದ್ದ: "ಆಲಿಕಲ್ಲು ಬಿತ್ತು" ಅಂತಲೋ, "ಗೆನ್ಯಾಗೆ ಹಲ್ಲುನೋವು" ಅಂತಲೋ. ಊರಿಗೆ ಊರೇ ಮೆಲ್ಕಿಯೊರನ ದಿನಚರಿಯನ್ನು ಕಾಲಡಿ ಇಟ್ಟುಕೊಂಡು ಓಡಾಡುತ್ತಿತ್ತು.

ಬೂಟಿನ ಮೇಲ್ಚರ್ಮ ಕತ್ತರಿಸುವುದು ಅವನ ಕೆಲಸವಲ್ಲ. ಅದನ್ನು ಹಿತ್ತಲಿನ ಆಚೆ ಮನೆಯ ಲೈಜೆರ್ ಫುಟೆರ್ಮಾನ್ ಮಾಡುತ್ತಿದ್ದ. ಲೈಜೆರ್ ಯಹೂದಿ, ಹೆಂಡತಿ ಸತ್ತವನು, ಮಿರ್ಲಾ ಅಂತ ಒಬ್ಬಳೇ ಮಗಳು. ಇಬ್ಬರೂ ಸೇರಿ ಇಪ್ಪತ್ತು ವರ್ಷ ಬೂಟು ಮಾಡಿದರು. ಕತ್ತರಿಸಿದ ಚರ್ಮ ಹೆಗಲ ಮೇಲೆ ಹಾಕಿಕೊಂಡು ಲೈಜೆರ್ ಹಿತ್ತಲ ಬಾಗಿಲಿಂದ ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತರೆ ಒಂದು ತಾಸು ಏಳುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ.

"ಶನಿವಾರ ನನ್ನ ದೇವರಿಗೆ, ಭಾನುವಾರ ನಿನ್ನ ದೇವರಿಗೆ, ಸೋಮವಾರ ನಿನ್ನ ಮೊಂಡುತನಕ್ಕೆ," ಅನ್ನುತ್ತಿದ್ದ ಲೈಜೆರ್. "ವಾರಕ್ಕೆ ಮೂರು ದಿನ ರಜೆ ತಗೊಳ್ಳೋ ಕಂಪನಿ ಇಡೀ ದೇಶದಲ್ಲಿ ನಮ್ಮದೊಂದೇ ಕಣೋ."

ಆಮೇಲೆ ಜರ್ಮನ್ನರು ಬಂದರು.

ಊರಾಚೆ ಸುಣ್ಣಕಲ್ಲಿನ ಗಣಿಯ ಸುತ್ತ ಮುಳ್ಳುತಂತಿ ಎಳೆದು ಕ್ಯಾಂಪು ಮಾಡಿದರು. ಊರಿನ ಯಹೂದಿಗಳೆಲ್ಲ ಒಳಗೆ. ಜೊತೆಗೆ ಎಲ್ಲೆಲ್ಲಿಂದಲೋ ಹಿಡಿದು ತಂದವರು. ಕಾಲಿಗೆ ಮರದ ಕೆರ, ಹೊಟ್ಟೆಗೆ ಟರ್ನಿಪ್ ಗೆಡ್ಡೆ ಬೇಯಿಸಿದ ನೀರು, ಕೈಗೆ ಸುತ್ತಿಗೆ. ಮಿರ್ಲಾಗೆ ಆಗ ಹದಿನಾರು. ಯಹೂದಿಗಳನ್ನು ಹಿಡಿದೊಯ್ಯುವ ಹಿಂದಿನ ದಿನವೇ ಲೈಜೆರ್ ಅವಳನ್ನು ದೂರದ ಒಬ್ಬ ರೈತನ ದನದ ಕೊಟ್ಟಿಗೆಗೆ ಸಾಗಿಸಿದ್ದ. ಹೋಗುವಾಗ ಅವಳು ತನ್ನ ಹಳೇ ಹಸಿರು ಸ್ವೆಟರು ಬಿಚ್ಚಿ ಹೆಣೆದ ಮಫ್ಲರನ್ನು ಅಪ್ಪನ ಕುತ್ತಿಗೆಗೆ ಸುತ್ತಿ ಹೋಗಿದ್ದಳು. ಪ್ರತಿದಿನ ಬೆಳಿಗ್ಗೆ ರೈಲ್ವೆ ನಿಲ್ದಾಣಕ್ಕೆ ಕಲ್ಲು ಹೊರುವವರ ಸಾಲು ಅಂಗಡಿ ಮುಂದೆ ಹಾದುಹೋಗುತ್ತಿತ್ತು. ಎಲ್ಲರೂ ಸುಣ್ಣ ಮೆತ್ತಿ ಒಂದೇ ಬಣ್ಣ. ಆ ಹಸಿರು ಮಫ್ಲರೊಂದೇ ಮೆಲ್ಕಿಯೊರನಿಗೆ ಗುರುತು.

ಕ್ಯಾಂಪಿನ ಕಮಾಂಡೆಂಟ್ ಒಟ್ಟೊಮಾರ್ ಕ್ಲೆಫ್ಕೆ. ಅವನಿಗೆ ಬೂಟಿನ ಹುಚ್ಚು. ಊರಿನ ಮೋಚಿಯ ಕೈ ಚೆನ್ನಾಗಿದೆ ಅಂತ ಯಾರೋ ಕಿವಿಗೆ ಹಾಕಿದರು, ತಗೋ, ಮೆಲ್ಕಿಯೊರನ ಗ್ರಹಚಾರ ಶುರುವಾಯಿತು. ಪಾದದ ಅಳತೆ ತೆಗೆದು, ಮರದ ಅಚ್ಚು ಕೆತ್ತಿ, ಲೈಜೆರ್ ಹಿಂದೆಯೇ ಕತ್ತರಿಸಿ ಇಟ್ಟಿದ್ದ ಒಳ್ಳೇ ಕರುವಿನ ಚರ್ಮದಿಂದ ಮಂಡಿವರೆಗಿನ ಬೂಟು ಹೊಲಿದುಕೊಟ್ಟ. ಕೂಲಿಗೆ ರೈ ಧಾನ್ಯದ ಒಂದು ರೊಟ್ಟಿ. ಹೊಟ್ಟೆ ಕೇಳಬೇಕಲ್ಲ, ಗಂಡ ಹೆಂಡಿರು ತಿಂದರು. ಎರಡು ಸಲ ಅರ್ಧ ರೊಟ್ಟಿಯನ್ನು ಸಾಲಿನಲ್ಲಿ ಹೋಗುತ್ತಿದ್ದ ಲೈಜೆರನ ಕಡೆ ಎಸೆದ. ಮೂರನೇ ಸಲ ಕಾವಲುಗಾರ ತಿರುಗಿ ನೋಡಿದ, ಮೆಲ್ಕಿಯೊರ್ ರೊಟ್ಟಿಯನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಂಡ. ಅಲ್ಲಿಗೆ ನಿಂತಿತು.

ಊರು ಸುಮ್ಮನಿರುತ್ತದೆಯೇ? "ಕಮಾಂಡೆಂಟನ ಮೋಚಿ" ಅಂತ ಹೆಸರಿಟ್ಟಿತು. ಯುದ್ಧ ಮುಗಿದ ಮೇಲೂ ಆ ಹೆಸರು ಅಂಟಿಕೊಂಡೇ ಇತ್ತು. ಅದನ್ನು ಎದುರಿಸೋಕೆ ಮೆಲ್ಕಿಯೊರನ ಹತ್ತಿರ ಇದ್ದ ಅಸ್ತ್ರ ಒಂದೇ. "ಹೊಲಿದೆ ಕಣ್ರಯ್ಯಾ, ಇಲ್ಲ ಅಂದೆನೇ? ಮಂಗಳವಾರ ಹೊಲಿದೆ, ಬುಧವಾರ ಹೊಲಿದೆ. ಸೋಮವಾರ ಮಾತ್ರ ಹೊಲೀಲಿಲ್ಲ. ಹಿಟ್ಲರ್ ಬಂದ್ರೂ ಪಿರ್ಕಾ ಮನೆತನದ ಸೋಮವಾರ ತಪ್ಪಲಿಲ್ಲ!" ಅಂತ ಬೆಂಚಿನ ಮೇಲೆ ಎದೆ ಸೆಟೆಸಿ ಹೇಳುತ್ತಿದ್ದ. ಕೇಳಿದವರ ಬಾಯಲ್ಲಿ ಮಾತು ಬೆಳೆಯಿತು. ಎದುರು ಸಾಲಿನ ಕ್ಷೌರಿಕ ಕ್ಲೆಮೆನ್ಸನಂತೂ ಗಡ್ಡ ಕೆರೆಸಿಕೊಳ್ಳಲು ಬಂದವರಿಗೆಲ್ಲ ಇದೇ ಕಥೆ ಹೇಳುತ್ತಿದ್ದ. ಇಡೀ ಊರೇ ಹೆದರಿ ಮುದುಡಿದ್ದ ಕಾಲದಲ್ಲಿ ಒಬ್ಬನಾದರೂ ವಾರಕ್ಕೊಂದು ದಿನ ತಲೆ ಎತ್ತಿದ್ದ ಅಂದುಕೊಳ್ಳೋಕೆ ನಮಗೂ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಗೆನ್ಯಾ ಮಾತ್ರ ಆ ಕಥೆ ಶುರುವಾದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು.

ಕ್ಲೆಫ್ಕೆ ಸಿಕ್ಕಿಬಿದ್ದದ್ದು ಯುದ್ಧ ಮುಗಿದು ಒಂದೂವರೆ ವರ್ಷವಾದ ಮೇಲೆ. ಹೆಸರು ಬದಲಿಸಿಕೊಂಡು, ಗಡ್ಡ ಬಿಟ್ಟು, ಜರ್ಮನಿಯ ಯಾವುದೋ ಹಳ್ಳಿಯಲ್ಲಿ ಹಂದಿ ಮೇಯಿಸುತ್ತಿದ್ದನಂತೆ. ಎಲ್ಲ ಬಿಟ್ಟಿದ್ದ, ಬೂಟು ಬಿಟ್ಟಿರಲಿಲ್ಲ. ಹಂದಿ ಕಾಯೋನಿಗೆ ಇಂಥ ಬೂಟು ಎಲ್ಲಿಂದ ಬಂತು ಅಂತ ಯಾರಿಗೋ ಅನುಮಾನ ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಸುಮ್ಮನೆ ಹೇಳುತ್ತಾರೆಯೇ? ಹಿಡಿದು ಪೋಲೆಂಡಿಗೆ ಕೊಟ್ಟರು. ಪಾಪ ಮಾಡಿದ ಊರಲ್ಲೇ ವಿಚಾರಣೆ ಆಗಲಿ ಅಂತ ಕೋರ್ಟೇ ವಾಪ್ನಿಸ್ಕೊಗೆ ಬಂತು. ಬೆಂಕಿ ಆರಿಸುವವರ ಕಟ್ಟಡದಲ್ಲಿ ನೀರಿನ ಗಾಡಿ ಹೊರಗೆ ತಳ್ಳಿ, ಮದುವೆ ಕುಣಿತಕ್ಕೆ ಹಾಕುವ ಬೆಂಚು ಹಾಕಿದರು.

ಆರೋಪಪಟ್ಟಿ ಓದಲು ಒಂದು ದಿನ ಹಿಡಿಯಿತು. ಅವನ ಬದುಕೂ ಅದರಲ್ಲೇ ಬಂತು: ಸುಂಕದ ಕಟ್ಟೆಯ ಗುಮಾಸ್ತನ ಮಗ, ಕಾಫಿಪುಡಿ ಮಾರುತ್ತಿದ್ದ, ನಷ್ಟವಾಯಿತು, ಪಕ್ಷ ಸೇರಿದ, ಮೊದಲೊಂದು ಕ್ಯಾಂಪಿನಲ್ಲಿ ಕಾವಲುಗಾರ, ಇನ್ನೊಂದರಲ್ಲಿ ಉಪಾಧಿಕಾರಿ, ಇಲ್ಲಿ ಕಮಾಂಡೆಂಟ್. ಹೆಂಡತಿ, ಎರಡು ಹೆಣ್ಣುಮಕ್ಕಳು, ಜೇನು ಸಾಕುವ ಹವ್ಯಾಸ. ಥೂ, ರಾಕ್ಷಸ ಅಂತ ನೋಡೋಕೆ ಹೋದರೆ ಕಾಫಿಪುಡಿ ಮಾರೋನು ಸಿಕ್ಕಿದನಲ್ಲ ಅಂತ ಜನಕ್ಕೆ ಇನ್ನಷ್ಟು ಸಿಟ್ಟು ಬಂತು.

ಅವನದು ಒಂದೇ ಮಾತು: "ನಾನು ಮೇಜಿನ ಮುಂದೆ ಕೂತು ಕಾಗದಕ್ಕೆ ಸಹಿ ಹಾಕಿದವನು. ಒಬ್ಬನನ್ನೂ ಮುಟ್ಟಿಲ್ಲ." ದೊಡ್ಡ ಆರೋಪ 1943ರ ಫೆಬ್ರವರಿ ಎಂಟರದ್ದು. ಅಂದು ಗಣಿಯ ತಳದಲ್ಲಿ ನಲವತ್ತೊಂದು ಜನರನ್ನು ಕೊಂದರು, ಲೈಜೆರ್ ಅವರಲ್ಲೊಬ್ಬ. ಆ ದಿನ ತಾನು ಊರಲ್ಲೇ ಇರಲಿಲ್ಲ, ಶನಿವಾರದಿಂದ ಬುಧವಾರದ ತನಕ ಕ್ರಾಕೋವ್‌ನಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದೆ, ಮಾಡಿದ್ದೆಲ್ಲ ಉಪಾಧಿಕಾರಿ ಅಂದ. ಆ ಉಪಾಧಿಕಾರಿ ಯುದ್ಧದಲ್ಲಿ ಸತ್ತುಹೋಗಿದ್ದ, ಅನುಕೂಲವಾಯಿತು. ಬದುಕುಳಿದ ಇಬ್ಬರು ಕೈದಿಗಳು ಅವನನ್ನು ಕಂಡೆವು ಅಂದರು. ಹಿಮ ಬೀಳುತ್ತಿತ್ತು, ಎಲ್ಲರದೂ ಒಂದೇ ಥರದ ಕೋಟು, ಹೇಗೆ ಗುರುತಿಸಿದಿರಿ ಅಂತ ಅವನ ವಕೀಲ ಅವರ ಬಾಯಿ ಮುಚ್ಚಿಸಿದ.

ಆ ಸಂಜೆ ಮಿರ್ಲಾ ಅಂಗಡಿಗೆ ಬಂದಳು. ಕೊಟ್ಟಿಗೆಯಲ್ಲಿ ಮೂರು ವರ್ಷ ಅಡಗಿದ್ದು ಬದುಕಿ ಬಂದವಳು, ಹೊಲಿಗೆ ಸಂಘದಲ್ಲಿ ಕೆಲಸ ಮಾಡಿಕೊಂಡಿದ್ದಳು. ಎರಡು ವರ್ಷದಿಂದ ಮೆಲ್ಕಿಯೊರನ ಕಡೆ ತಿರುಗಿಯೂ ನೋಡಿರಲಿಲ್ಲ. ಚಿಕ್ಕವಳಿದ್ದಾಗ "ಮಾಮ, ಮಾಮ" ಅಂತ ಅವನ ಮೇಣದ ದಾರ ಎಳೆದಾಡುತ್ತಿದ್ದ ಹುಡುಗಿ ಈಗ ಹೊಸಿಲ ಆಚೆಯೇ ನಿಂತಳು.

"ಪಿರ್ಕಾ ಅವರೇ, ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ. ಅವನ ಬೂಟು ನೋಡ್ಕೋತಿದ್ದವರು ನೀವು. ಅವತ್ತು ಅವನು ಊರಲ್ಲಿದ್ನಾ, ಇಲ್ವಾ?"

ಮೆಲ್ಕಿಯೊರನ ಕೈಲಿದ್ದ ಮೊಳೆ ಕೆಳಗೆ ಬಿತ್ತು. "ಅವತ್ತು ಸೋಮವಾರ ಅಲ್ವೇನಮ್ಮಾ. ಸೋಮವಾರ ನನ್ನ ಅಂಗಡಿ... ನನಗೇನು ಗೊತ್ತಾಗುತ್ತೆ."

"ಹೌದಲ್ಲ. ನಿಮ್ಮ ಸೋಮವಾರ," ಅಂದಳು. "ನಮ್ಮಪ್ಪ ಸಾಯೋವಾಗ ನೀವು ಬೆಂಚಿನ ಮೇಲೆ ದೊರೆ ಥರ ಕೂತಿದ್ರಿ. ಮರೆತೇಬಿಟ್ಟಿದ್ದೆ." ಹೊಸಿಲ ಮೇಲೆ ಉಗಿದು ಹೊರಟುಹೋದಳು.

ಗೆನ್ಯಾ ಒಲೆಯ ಮುಂದೆ ಎಲೆಕೋಸು ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು. "ನಾಲ್ಕು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೀನಿ ಕಣಯ್ಯಾ, ನಿನ್ನ ಮರ್ಯಾದೆಗೆ ಅಂತ. ನಾಳೆ ಆ ಪಾಪಿ ತಪ್ಪಿಸ್ಕೊಂಡ್ರೆ ಆ ಮರ್ಯಾದೆ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ?"

"ಊರಲ್ಲಿ ನನಗೆ ಉಳಿದಿರೋದು ಅದೊಂದೇ ಕಣೇ."

"ಅದೂ ನಿನ್ನದಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು."

ಅವತ್ತು ಮೆಲ್ಕಿಯೊರ್ ಊಟಕ್ಕೂ ಏಳಲಿಲ್ಲ.

ಮರುದಿನ ಒಗೆದ ಅಂಗಿ ತೊಟ್ಟು, ಚರ್ಮ ಕೊಯ್ಯುವ ಬಾಗಿದ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಕೋರ್ಟಿಗೆ ಹೋದ. ಸಾಕ್ಷಿ ಹೇಳಬೇಕು ಅಂದ. ಕತ್ತಿಯನ್ನು ಬಾಗಿಲಲ್ಲೇ ಕಿತ್ತುಕೊಂಡರು.

ಕ್ಲೆಫ್ಕೆ ಇಬ್ಬರು ಪೊಲೀಸರ ನಡುವೆ ಕೂತಿದ್ದ. ಗಡ್ಡ ಬೋಳಿಸಿ ಸಣ್ಣಗಾಗಿದ್ದ, ಬೂಟು ಮಾತ್ರ ಮಿರಿಮಿರಿ. ಮೆಲ್ಕಿಯೊರ್ ಅವನ ಮುಖ ನೋಡಲಿಲ್ಲ. ನೆಟ್ಟಗೆ ಕಾಲು ನೋಡಿದ.

"ಇದು ನಾನು ಹೊಲಿದ ಬೂಟು ಸ್ವಾಮಿ," ಅಂದ ನ್ಯಾಯಾಧೀಶರಿಗೆ. "ಮೇಜಿನ ಮುಂದೆ ಕೂರೋನ ಬೂಟು ಹಿಮ್ಮಡಿ ಸವೀತದೆ. ಗುಮಾಸ್ತರದ್ದು, ಮೇಷ್ಟ್ರದ್ದು, ತಮ್ಮದೂ ಅಷ್ಟೇ. ಈ ಮನುಷ್ಯಂದು ಹಿಮ್ಮಡಿ ಹೊಸದರ ಹಾಗೇ ಇರ್ತಿತ್ತು. ಬಲಗಾಲಿನ ತುದಿ ಮಾತ್ರ ಕಿತ್ತು ಬರ್ತಿತ್ತು. ತುದಿಗೆ ಕಬ್ಬಿಣದ ಲಾಳ ಹಾಕಿಸ್ಕೊಂಡ. ಎರಡು ವರ್ಷದಲ್ಲಿ ಒಂಬತ್ತು ಸಲ ಆ ಲಾಳ ಬದಲಾಯಿಸಿದ್ದೀನಿ. ಕಾಗದಕ್ಕೆ ಸಹಿ ಹಾಕೋಕೆ ಯಾರಾದ್ರೂ ಬಲಗಾಲು ಉಪಯೋಗಿಸ್ತಾರಾ, ನೀವೇ ಹೇಳಿ."

ದುಭಾಷಿ ಹೆಂಗಸು ಇದನ್ನು ಜರ್ಮನ್‌ನಲ್ಲಿ ಹೇಳುತ್ತಿದ್ದ ಹಾಗೆ ಕ್ಲೆಫ್ಕೆ ಬಲಗಾಲನ್ನು ಮೆಲ್ಲಗೆ ಬೆಂಚಿನ ಕೆಳಗೆ ಎಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಜನ ಗುಜುಗುಜು ಅಂದರು.

"ಒದ್ದಿರಬಹುದು," ಅಂದ ವಕೀಲ ಎದ್ದು ನಿಂತು. "ಆದರೆ ಫೆಬ್ರವರಿ ಎಂಟರಂದು ಅವರು ಇಲ್ಲಿದ್ದರು ಅನ್ನೋಕೆ ಇದರಿಂದ ಏನು ಸಿಕ್ಕಿತು?"

"ಬಲಗಾಲಿನ ಅಟ್ಟೆ ಬಿಚ್ಚಿ ನೋಡಿ ವಕೀಲರೇ. ನಡುವೆ, ಸವೆಯದ ಜಾಗದಲ್ಲಿ, ನಾನು ವಾರ ತಾರೀಕು ಬರೆದಿದ್ದೀನಿ. ಆಮೇಲೆಲ್ಲ ತುದಿ ಮಾತ್ರ ರಿಪೇರಿ ಮಾಡಿದ್ದು, ನಡುವಿನ ಹೊಲಿಗೆ ಬಿಚ್ಚಿಲ್ಲ. ಸೋಮವಾರ, ಎಂಟನೇ ಫೆಬ್ರವರಿ ಅಂತ ಇದೆ. ಅವತ್ತು ಆ ಬೂಟು ಕಾಲಲ್ಲಿ ಹಾಕ್ಕೊಂಡೇ ಬಂದಿದ್ದ, ಹಾಕ್ಕೊಂಡೇ ಹೋದ."

ವಕೀಲನ ಮುಖ ಅರಳಿತು. ಬುದ್ಧಿವಂತ, ನಮ್ಮ ಪ್ರಾಂತ್ಯದವನೇ. ಸರ್ಕಾರ ನೇಮಿಸಿದ್ದಕ್ಕೆ ತನ್ನ ಕೆಲಸ ನಿಯತ್ತಾಗಿ ಮಾಡುತ್ತಿದ್ದ. "ಸೋಮವಾರ? ಪಿರ್ಕಾ ಅವರೇ, ನೀವು ಸೋಮವಾರ ಕೆಲಸ ಮಾಡ್ತೀರಾ?"

ಅಷ್ಟೇ ಸಾಕಾಯಿತು. ಹಿಂದಿನ ಬೆಂಚಿನಿಂದ ಕ್ಷೌರಿಕ ಕ್ಲೆಮೆನ್ಸ್ ಎದ್ದುನಿಂತು, ಗೆಳೆಯನಿಗೆ ಉಪಕಾರ ಮಾಡುತ್ತಿದ್ದೀನಿ ಅಂದುಕೊಂಡು, "ಒಂದೇ ಒಂದು ಸೋಮವಾರ ಮಾಡಿಲ್ಲ ಸ್ವಾಮಿ! ಜರ್ಮನ್ನರಿದ್ದಾಗಲೂ ಮಾಡಿಲ್ಲ! ಇಡೀ ಊರು ಸಾಕ್ಷಿ!" ಅಂತ ಕೂಗಿದ. ಜನ ಚಪ್ಪಾಳೆ ತಟ್ಟಿದರು. ಅಯ್ಯೋ ಪುಣ್ಯಾತ್ಮ, ಬಾಯಿ ಮುಚ್ಚಿಕೊಂಡು ಕೂರಬಾರದಿತ್ತೇ!

"ಕೇಳಿದಿರಲ್ಲ," ಅಂದ ವಕೀಲ. "ಸೋಮವಾರ ದಬ್ಬಳ ಮುಟ್ಟದ ಮನುಷ್ಯ ಸೋಮವಾರದ ತಾರೀಕು ಹಾಕಿದ್ದರೆ, ಅದನ್ನು ಬೇರೆ ಯಾವಾಗಲೋ, ಬೇಕಂತಲೇ ಬರೆದಿರಬೇಕು. ಅಥವಾ ಇಷ್ಟು ವರ್ಷ ಊರಿಗೆಲ್ಲ ಸುಳ್ಳು ಹೇಳಿರಬೇಕು. ಯಾವುದು ನಿಜ?"

ಮೆಲ್ಕಿಯೊರ್ ತಿರುಗಿ ನೋಡಿದ. ಕ್ಲೆಮೆನ್ಸ್ ನಗುತ್ತಿದ್ದ. ಗೆನ್ಯಾ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗೋಡೆಯ ಪಕ್ಕ ಮಿರ್ಲಾ ನಿಂತಿದ್ದಳು, ಅವಳ ಕಣ್ಣಲ್ಲಿ ಏನೂ ಇರಲಿಲ್ಲ.

"ಸುಳ್ಳು ಹೇಳಿದ್ದು ನಿಜ," ಅಂದ.

ಕ್ಲೆಮೆನ್ಸನ ನಗು ಮಾಯವಾಯಿತು.

"ಆ ಸೋಮವಾರ ಕೆಲಸ ಮಾಡಿದೆ. ಮಧ್ಯಾಹ್ನ ಎರಡು ಗಂಟೆಗೆ ಲೈಜೆರನ ಹಿತ್ತಲಿನ ಕಡೆಯಿಂದ ಬಂದ, ಗಣಿಯಿಂದ ಅದೇ ಒಳದಾರಿ. ಬಲಬೂಟಿನ ಲಾಳ ಕಿತ್ತು, ಅಟ್ಟೆ ನಡುವಿನ ತನಕ ಬಾಯಿ ಬಿಟ್ಟಿತ್ತು. ಸುಣ್ಣ, ರಕ್ತ ಎರಡೂ ಮೆತ್ತಿತ್ತು. ಇವತ್ತು ಸೋಮವಾರ, ಕೆಲಸ ಇಲ್ಲ ಅಂದೆ. ಪಿಸ್ತೂಲು ತೆಗೆದ ಅಂದ್ಕೋತೀರಾ? ತೆಗೀಲಿಲ್ಲ. ಬೈದ್ನಾ? ಬೈಲಿಲ್ಲ. ಒಂಟಿ ಬೂಟಲ್ಲಿ ನಡೆಯೋಕಾಗುತ್ತಾ ಅಂತ ನಕ್ಕು, ಬೂಟು ಕಳಚಿ ಮೇಜಿನ ಮೇಲಿಟ್ಟ. ಆಮೇಲೆ ಒಲೆ ಪಕ್ಕದ ಕುರ್ಚೀಲಿ ಕೂತ. ಲೈಜೆರನ ಕುರ್ಚೀಲಿ. ನಾನು ಏನು ಮಾಡ್ದೆ ಗೊತ್ತಾ? ಯಾರೂ ನೋಡಬಾರದು ಅಂತ ಕಿಟಕಿ ಪರದೆ ಎಳೆದು, ದಬ್ಬಳ ಕೈಗೆ ತಗೊಂಡೆ."

ನ್ಯಾಯಾಧೀಶರು ನೀರು ಕೊಡಿ ಅಂದರು. ಬೇಡ ಅಂದ.

"ಬಿಸಿಗೆ ಅವನಿಗೆ ಜೋಂಪು ಹತ್ತಿತು ಸ್ವಾಮಿ. ಬಾಯಿ ತೆಗೆದು ಗೊರಕೆ ಹೊಡೆದ. ಕಿತ್ತ ಲಾಳದ ಸಂದಿಯಲ್ಲಿ ಏನೋ ಸಿಕ್ಕಿತ್ತು, ಎಳೆದು ನೋಡ್ದೆ. ಹಸಿರು ಉಣ್ಣೆ. ಆಗ ಗೊತ್ತಾಯ್ತು. ಚರ್ಮ ಕೊಯ್ಯೋ ಕತ್ತಿ ನನ್ನ ಕೈಲಿತ್ತು. ಅವನ ಕುತ್ತಿಗೆ ಮೂರಡಿ ದೂರ. ಹಂದಿ ಕೊಯ್ದ ಹಾಗೆ ಕೊಯ್ಯಬಹುದಿತ್ತು. ನಾನು ಕೊಯ್ಯಲಿಲ್ಲ. ಹೊಲಿದೆ. ಚೆನ್ನಾಗಿ ಹೊಲಿದೆ, ನೋಡಿ, ಇವತ್ತಿಗೂ ಬಿಟ್ಟಿಲ್ಲ." ಅಂಗೈಯಿಂದ ಮುಖ ಒರೆಸಿಕೊಂಡ. "ಹೇಡಿ ಅನ್ನಿ, ಏನು ಬೇಕಾದ್ರೂ ಅನ್ನಿ. ನನ್ನ ಸೋಮವಾರ ಅವತ್ತೇ ಸತ್ತುಹೋಯ್ತು. ಆದರೆ ಬೂಟು ಬಿಚ್ಚಿ."

ಬಿಚ್ಚಬೇಕು ಅಂತ ನ್ಯಾಯಾಧೀಶರು ಅಪ್ಪಣೆ ಕೊಟ್ಟರು. ಪೊಲೀಸರು ಬೂಟು ಎಳೆಯಹೋದರೆ ಕ್ಲೆಫ್ಕೆ ಕಾಲು ಬಿಗಿಹಿಡಿದ. ವಿಚಾರಣೆಯ ಆರು ದಿನದಲ್ಲಿ ಅವನು ಜಗ್ಗಾಡಿದ್ದು ಅದೊಂದೇ ಸಲ. ಬಾಗಿಲಲ್ಲಿ ಕಿತ್ತುಕೊಂಡಿದ್ದ ಕತ್ತಿಯನ್ನು ವಾಪಸು ಕೊಟ್ಟರು. ಮೆಲ್ಕಿಯೊರ್ ಬೂಟನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು ಒಂದೊಂದೇ ಹೊಲಿಗೆ ಕತ್ತರಿಸಿದ. ದಾರ ಪಟ್ ಪಟ್ ಅನ್ನುವುದು ಹಿಂದಿನ ಬೆಂಚಿಗೂ ಕೇಳುತ್ತಿತ್ತು. ಅಟ್ಟೆ ಮಡಚಿ ನ್ಯಾಯಾಧೀಶರ ಮುಂದೆ ಹಿಡಿದ.

ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "ಸೋಮವಾರ. ಎಂಟನೇ ಫೆಬ್ರವರಿ ನಲವತ್ತಮೂರು. ಕ್ಲೆಫ್ಕೆ ಕುರ್ಚಿಯಲ್ಲಿ ನಿದ್ದೆ. ಲೈಜೆರನನ್ನು ಕೊಂದ." ಆ ಅಕ್ಷರಗಳ ಪಕ್ಕ ಚಪ್ಪಟೆಯಾಗಿ ಒತ್ತಿಹೋದ, ಹೆಬ್ಬೆರಳ ಉಗುರಿನಷ್ಟು ಹಸಿರು ಉಣ್ಣೆ.

ಮಿರ್ಲಾ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಉಣ್ಣೆ ನೋಡಿದಳು. "ನಾನು ಹೆಣೆದದ್ದು," ಅಂದಳು. ಆಮೇಲೆ ಮೆಲ್ಕಿಯೊರನ ಕಡೆ ತಿರುಗಿದಳು. ಅವಳ ದನಿ ಆ ಕಟ್ಟಡದ ಸೂರಿಗೆ ಬಡಿಯಿತು. "ನಮ್ಮಪ್ಪನ ಹೆಸರನ್ನ ಅವನ ಕಾಲಡಿ ಹಾಕಿದ್ರಾ? ಅವನು ಅದನ್ನ ತುಳೀಲಿ ಅಂತ ಕೊಟ್ರಾ?"

"ಹೂಂ ಮಗಳೇ, ಹಾಕಿದೆ. ಇನ್ನೆಲ್ಲಿ ಇಡಲಿ ಹೇಳು? ವಾರಕ್ಕೊಂದು ಸಲ ಮನೆ ಜಾಲಾಡ್ತಿದ್ರು. ಹಾಸಿಗೆ ಬಗೆದರು, ಒಲೆ ಬಗೆದರು, ಗೋಡೆ ಕೆರೆದರು. ಅವನ ಕಾಲಡಿ ಒಂದೇ ಹುಡುಕಲಿಲ್ಲ. ಯಾವತ್ತಾದ್ರೂ ಒಂದು ದಿನ ಯಾರಾದ್ರೂ ಆ ಬೂಟು ಕಳಚಿಸ್ತಾರೆ ಅಂದ್ಕೊಂಡೆ. ಅಲ್ಲೀವರೆಗೂ ಅವನೇ ಕಾವಲು ಕಾಯಲಿ ಅಂತ ಬಿಟ್ಟೆ. ಕಾದ ನೋಡು, ನಾಲ್ಕು ವರ್ಷ. ಹಂದಿ ಮೇಯಿಸುವಾಗಲೂ ಬಿಡಲಿಲ್ಲ ಬಡ್ಡೀಮಗ."

ದುಭಾಷಿ ಕೊನೇ ಮಾತಿನ ತನಕ ಹೇಳಿ ಮುಗಿಸಿದಳು. ಕ್ಲೆಫ್ಕೆ ಬರೀ ಕಾಲ್ಚೀಲದಲ್ಲಿದ್ದ ತನ್ನ ಪಾದ ನೋಡುತ್ತ ಕೂತ. ಕ್ರಾಕೋವ್ ಅನ್ನುವ ಹೆಸರನ್ನು ಆಮೇಲೆ ಅವನಾಗಲಿ, ಅವನ ವಕೀಲನಾಗಲಿ ಎತ್ತಲಿಲ್ಲ. ಮಾಡಿದ್ದುಣ್ಣೋ ಮಹಾರಾಯ. ಗುರುವಾರ ಮರಣದಂಡನೆ ಅಂತ ತೀರ್ಪು ಬಂತು.

ಊರು ವಿಚಿತ್ರ ನೋಡಿ. ತೀರ್ಪಿಗೆ ಚಪ್ಪಾಳೆ ಹೊಡೆದ ಜನವೇ ಮೆಲ್ಕಿಯೊರ್ ಎದುರಾದರೆ ಮುಖ ತಿರುಗಿಸಿತು. ಅವನು ಕ್ಲೆಫ್ಕೆಯನ್ನು ಕೊಲ್ಲಲಿಲ್ಲ ಅಂತಲ್ಲ, ರೊಟ್ಟಿ ತಿಂದ ಅಂತಲೂ ಅಲ್ಲ. ನಮ್ಮ ಸೋಮವಾರದ ಕಥೆ ಕಿತ್ತುಕೊಂಡ ಅಂತ ಸಿಟ್ಟು. ಕ್ಲೆಮೆನ್ಸ್ ಒಂದು ತಿಂಗಳು ಅವನ ಗಡ್ಡ ಕೆರೆಯಲಿಲ್ಲ. ಮೆಲ್ಕಿಯೊರ್ ಬೆಂಚಿನ ಮೇಲೆ ಕೂರುವುದನ್ನೂ ಬಿಟ್ಟ. ಸೋಮವಾರ ಒಳಗೇ ಇರುತ್ತಿದ್ದ. ಕೆಲಸವೂ ಇಲ್ಲ, ವಿಶ್ರಾಂತಿಯೂ ಇಲ್ಲ, ಸುಮ್ಮನೆ ಅಚ್ಚುಗಳ ಧೂಳು ಒರೆಸುತ್ತಿದ್ದ.

ಐದು ವಾರ ಕಳೆದು ದಯಾಭಿಕ್ಷೆಯ ಅರ್ಜಿ ತಿರಸ್ಕಾರವಾಗಿ ಬಂತು. ಮಂಗಳವಾರ ಬೆಳಿಗ್ಗೆ ಆರಕ್ಕೆ, ಗಣಿಯ ಅಂಚಿನಲ್ಲೇ ನೇಣು ಅಂತ ಗೊತ್ತಾಯಿತು. ಹಿಂದಿನ ದಿನ ಬೆಳಿಗ್ಗೆ ಮಿರ್ಲಾ ಬಂದಳು. ಮೆಲ್ಕಿಯೊರ್ ಅವಳನ್ನು ನೋಡಿ ಎದ್ದು ನಿಂತ.

"ಹೊರಗೆ ಬಂದು ಕೂತ್ಕೊಳಿ," ಅಂದಳು.

"ನನಗೆ ಆ ಯೋಗ್ಯತೆ ಇಲ್ಲಮ್ಮಾ."

"ಒಂದು ಸೋಮವಾರ ಹೋಯ್ತು ಅಂತ ಉಳಿದ ಸೋಮವಾರಗಳನ್ನೂ ಅವನಿಗೇ ಕೊಟ್ಟುಬಿಡ್ತೀರಾ? ನಮ್ಮಪ್ಪ ಇದ್ದಿದ್ರೆ ಇದಕ್ಕೆ ಬೈತಿದ್ದ. ಬನ್ನಿ ಮಾಮ."

ಮಾಮ ಅಂದದ್ದಕ್ಕೆ ಅವನು ಬಂದ. ಗೆನ್ಯಾ ಒಳಗಿಂದ ಒಗೆದ ಅಂಗಿ ತಂದು ಅವನ ಹೆಗಲಿಗೆ ಎಸೆದಳು. ಅವನೂ ಮಿರ್ಲಾಳೂ ಬೆಂಚಿನ ಮೇಲೆ ಕೂತರು.

ಹನ್ನೊಂದರ ಹೊತ್ತಿಗೆ ಜೈಲಿನ ಪೇದೆ ಒಬ್ಬ ಸೈಕಲ್ ಮೇಲೆ ಬಂದ. ಪರವೂರಿನವನು. ಕಂಕುಳಲ್ಲಿ ಒಂಟಿ ಬೂಟು, ಅದರ ಅಟ್ಟೆ ನಾಲಿಗೆಯ ಹಾಗೆ ಜೋತಾಡುತ್ತಿತ್ತು.

"ಮೋಚಿ ಪಿರ್ಕಾ ಅವರು ನೀವೇನಾ? ಖೈದಿಯ ಕೊನೇ ಆಸೆ ಅಂತೆ, ತನ್ನ ಬೂಟು ಹಾಕ್ಕೊಂಡೇ ಹೋಗಬೇಕಂತೆ. ಕೋರ್ಟಿನವರು ವಾಪಸು ಕೊಟ್ಟಿದ್ದಾರೆ. ಇದೊಂದು ಹೊಲಿದುಕೊಡಿ, ಹತ್ತು ನಿಮಿಷದ ಕೆಲಸ."

ಮೆಲ್ಕಿಯೊರ್ ಬೂಟನ್ನು ಕೈಗೆ ತಗೊಂಡ. ತಿರುಗಿಸಿ ನೋಡಿದ. ಒಳ್ಳೇ ಚರ್ಮ, ಲೈಜೆರ್ ಕತ್ತರಿಸಿದ್ದು. ಬೆರಳಿನಿಂದ ಒಮ್ಮೆ ಸವರಿ ಪೇದೆಯ ಕೈಗೇ ವಾಪಸು ಕೊಟ್ಟ.

"ಇವತ್ತು ಯಾವ ವಾರ?"

"ಸೋಮವಾರ."

"ಸೋಮವಾರ ನಾನು ಕೆಲಸ ಮಾಡಲ್ಲ."

ಪೇದೆ ಪಿಳಿಪಿಳಿ ನೋಡಿದ. "ಅಲ್ಲಾ ಯಜಮಾನ್ರೇ, ನಾಳೆ ಬೆಳಿಗ್ಗೆ ಆರಕ್ಕೆ ನೇಣು..."

"ಗೊತ್ತಪ್ಪಾ. ಮಂಗಳವಾರ ಅಂಗಡಿ ಏಳಕ್ಕೆ ತೆಗೀತೀನಿ. ಆಗ ತಂದ್ಕೊಡೋಕೆ ಹೇಳು, ಹೊಲಿದುಕೊಡೋಣ."

"ಹಾಗಾದ್ರೆ ಅವನು ಕಾಲಿಗೆ ಏನು ಹಾಕ್ಕೋಬೇಕು?"

"ಕ್ಯಾಂಪಿನ ಉಗ್ರಾಣದಲ್ಲಿ ಮರದ ಕೆರ ರಾಶಿ ಬಿದ್ದಿವೆ," ಅಂದಳು ಮಿರ್ಲಾ. "ಯಾವುದಾದ್ರೂ ಒಂದು ಜೊತೆ ಕೊಡಿ. ಎಲ್ಲವೂ ಒಂದೇ ಅಳತೆ."

ಪೇದೆ ಬೂಟನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡು ಸೈಕಲ್ ಹತ್ತಿದ. ಎದುರಂಗಡಿ ಬಾಗಿಲಲ್ಲಿ ಕ್ಲೆಮೆನ್ಸ್ ಕತ್ತರಿ ಹಿಡಿದು ನಿಂತು ಎಲ್ಲ ಕೇಳಿಸಿಕೊಂಡಿದ್ದ, ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೂ ಅವನ ಹಿಂದೆ ಬಂದು ನಿಂತಿದ್ದ. ಮೆಲ್ಕಿಯೊರ್ ಅವರ ಕಡೆ ನೋಡಲಿಲ್ಲ. ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು, ಸಂಜೆಯ ತನಕ ಅಲ್ಲೇ ಕೂತಿದ್ದ.